ಹೌಜಿನ ತಳ

ದೆವ್ವ, ಭೂತ, ಗಾಳಿ ಎಂದು ಯಾರಾದರೂ ಮಾತು ತೆಗೆದರೆ ನಾನು ಎದ್ದು ಹೋಗುವವನು. ನೀರು, ಮಣ್ಣು, ಕಲ್ಲು ಅಳೆಯುವುದೇ ನನ್ನ ಕೆಲಸ. ಅಳತೆಗೆ ಸಿಗದ್ದನ್ನು ನಂಬುವ ಅಭ್ಯಾಸ ನನಗಿರಲಿಲ್ಲ. ಈಗಲೂ ಪೂರ್ತಿ ನಂಬುತ್ತೇನೆ ಎನ್ನಲಾರೆ. ನಡೆದದ್ದನ್ನು ನಡೆದಂತೆ ಹೇಳುತ್ತೇನೆ, ನೀವು ಏನು ಬೇಕಾದರೂ ತಿಳಿದುಕೊಳ್ಳಿ.

ಎಪ್ಪತ್ತರ ದಶಕದಲ್ಲಿ ನಾನು ಹುಮನಾಬಾದಿನಲ್ಲಿ ಓವರ್‌ಸಿಯರ್ ಆಗಿದ್ದೆ. ಊರಿನ ಉದ್ಯಾನದಲ್ಲಿ ಮಕ್ಕಳು ಈಜಲೆಂದು ಒಂದು ದೊಡ್ಡ ಕೊಳ ಕಟ್ಟುವ ಕೆಲಸ ನನ್ನ ಪಾಲಿಗೆ ಬಂತು. ನೋಡಲು ಚಿಕ್ಕ ಕೆರೆಯಂತಿದ್ದ ಅದನ್ನು ಜನ ಹೌಜ್ ಎಂದೇ ಕರೆದರು. ಅಗೆತದ ಮೊದಲ ದಿನದಿಂದ ಕೊನೆಯ ದಿನದವರೆಗೆ ನಾನು ಅಲ್ಲೇ ನಿಂತಿದ್ದೆ. ಕೆಳಗೆ ಗಟ್ಟಿ ಕೆಂಪು ಕಲ್ಲು ಬಂದಿತ್ತು. ಅದರ ಮೇಲೆ ಗಚ್ಚು ಹಾಕಿ, ಶಹಾಬಾದಿ ಚಪ್ಪಡಿ ಹಾಸಿಸಿದ್ದೆ. ನಡುಮಧ್ಯೆ, ಅತಿ ಆಳವಾದ ಕಡೆ, ಐದು ಅಡಿ. ಅಲ್ಲಿ ನಿಂತರೆ ನೀರು ನನ್ನ ಹೆಗಲಿಗೆ ಬರುತ್ತಿತ್ತು.

ಬಾವಿಯ ಇಂಜಿನ್ನಿನಿಂದ ನೀರು ತುಂಬಿಸಿ ಮೂರು ದಿನವಾಗಿತ್ತು. ಮುಂದಿನ ವಾರ ಮಕ್ಕಳಿಗೆ ಬಿಡಬೇಕು, ಅದಕ್ಕೆ ನಾನು ಸಹಿ ಹಾಕಬೇಕು. ನಡುವಿನ ಒಂದು ಚಪ್ಪಡಿ ಅಲುಗುತ್ತದೆಂದು ಕಲ್ಲು ಹಾಸಿದ ಗೌಂಡಿ ಹೇಳಿದ್ದ. ಕಾಲಿನಿಂದಲೇ ತಡವಿ ನೋಡೋಣವೆಂದು ನಾನು ನೀರಿಗಿಳಿದೆ. ಬೇಸಿಗೆಯ ನಡು ಮಧ್ಯಾಹ್ನ. ಉದ್ಯಾನದ ಮಾಲಿ ಖಾಸಿಂಸಾಬ್ ದಂಡೆಯ ಬೇವಿನ ಗಿಡದ ಕೆಳಗೆ ರೊಟ್ಟಿಯ ಗಂಟು ಬಿಚ್ಚುತ್ತಿದ್ದ. ನನ್ನ ತಂದೆಯ ವಯಸ್ಸಿನವನು, ಈಜು ಬಾರದವನು. ನನಗೂ ಬರುತ್ತಿರಲಿಲ್ಲ. ಹೆಗಲಮಟ್ಟದ ನೀರಿಗೆ ಈಜು ಯಾಕೆ ಬೇಕು?

ಒಂದೊಂದೇ ಚಪ್ಪಡಿಯನ್ನು ಹೆಬ್ಬೆರಳಿನಿಂದ ಒತ್ತುತ್ತ ನಡೆದೆ. ನಡುಮಧ್ಯೆ ಬಂದೆ. ಇನ್ನೊಂದು ಹೆಜ್ಜೆ ಇಟ್ಟೆ. ನೆಲ ಇರಲಿಲ್ಲ.

ಜಾರಿ ಬೀಳಲಿಲ್ಲ. ನೇರವಾಗಿ ಕೆಳಗೆ ಹೋದೆ. ಈಗ ಕಾಲು ತಾಗುತ್ತದೆ, ಈಗ ತಾಗುತ್ತದೆ ಎಂದುಕೊಳ್ಳುತ್ತಲೇ ಇದ್ದೆ. ತಾಗಲಿಲ್ಲ. ಮೇಲಿನ ನೀರು ಬಿಸಿಲಿಗೆ ಉಗುರುಬೆಚ್ಚಗಿತ್ತು, ಕೆಳಗೆ ಪಾದ ಮರಗಟ್ಟುವಷ್ಟು ತಣ್ಣಗಿತ್ತು. ಕಣ್ಣು ಬಿಟ್ಟರೆ ಹಸಿರು, ಸ್ವಲ್ಪ ಹೊತ್ತಿಗೆ ಬರೀ ಕಪ್ಪು. ಎರಡೂ ಕೈ ಚಾಚಿದೆ. ಗೋಡೆ ಸಿಗಲಿಲ್ಲ, ಏನೂ ಸಿಗಲಿಲ್ಲ. ಇದನ್ನು ಕಟ್ಟಿದವನು ನಾನೇ, ಇಲ್ಲಿ ಇಷ್ಟು ಆಳವಿಲ್ಲ ಎಂದು ಮನಸ್ಸಿನಲ್ಲೇ ಕೂಗಿಕೊಂಡದ್ದು ನೆನಪಿದೆ.

ಆಮೇಲೆ ಯಾರೋ ನನ್ನ ಅಂಗಿ ಹಿಡಿದರು. ನಾನು ಆ ತೋಳನ್ನು ಎರಡೂ ಕೈಯಿಂದ ಅಪ್ಪಿಕೊಂಡೆ.

ಖಾಸಿಂಸಾಬ್ ಬಾವಿಯಿಂದ ನೀರು ಸೇದುವ ಹಗ್ಗದ ಒಂದು ತುದಿ ಗಿಡಕ್ಕೆ, ಇನ್ನೊಂದು ತುದಿ ನಡುವಿಗೆ ಕಟ್ಟಿಕೊಂಡು ಇಳಿದಿದ್ದ. ಇಬ್ಬರೂ ಹಗ್ಗ ಹಿಡಿದು ದಂಡೆಗೆ ಬಂದು ಬಿದ್ದೆವು. ಕೆಮ್ಮಿ ನೀರು ಉಗುಳಿ ಅವನು, "ಸಾಹೇಬ್ರ, ನಂಗೂ ಕಾಲಿಗಿ ನೆಲ ಹತ್ತಲಿಲ್ರಿ" ಎಂದ. ಅವನ ಹಲ್ಲು ಕಟಕಟ ಎನ್ನುತ್ತಿದ್ದವು.

ಅಳತೆಯ ಬಿದಿರು ತಂದು, ಖಾಲಿ ಪೀಪಾಯಿಗಳ ಮೇಲೆ ಹಲಗೆ ಕಟ್ಟಿ ತೇಲಿಸಿ, ನಾನು ಮುಳುಗಿದ ಜಾಗದಲ್ಲಿಯೇ ಚುಚ್ಚಿದೆ. ಠಕ್ ಎಂದು ಕಲ್ಲಿಗೆ ತಾಗಿತು. ಐದು ಅಡಿ. ಹತ್ತು ಕಡೆ ಚುಚ್ಚಿದೆ, ಹತ್ತೂ ಕಡೆ ತಾಗಿತು. ಅಂದು ಸಂಜೆಯೇ ನೀರನ್ನೆಲ್ಲ ಹೊರಗೆ ಬಿಡಿಸಿದೆ. ಚಪ್ಪಡಿಗಳ ನಡುವೆ ಕೂದಲೆಳೆ ಹೋಗುವಷ್ಟು ಸಂದಿಯೂ ಇರಲಿಲ್ಲ. ಗೌಂಡಿ ಹೇಳಿದ ಚಪ್ಪಡಿಯೂ ಗಟ್ಟಿಯಾಗಿಯೇ ಇತ್ತು.

"ಯಾರ ಮುಂದೂ ಹೇಳಬ್ಯಾಡ್ರಿ," ಎಂದ ಖಾಸಿಂಸಾಬ್. "ನಮ್ಮಿಬ್ಬರಿಗೂ ಬಿಸಲಿಗಿ ತಲಿ ತಿರಿಗ್ಯಾದ ಅಂತಾರ."

ಹೌಜು ತೆರೆಯುವುದು ಬೇಡ ಎಂದು ಬರೆಯಲು ನನ್ನ ಹತ್ತಿರ ಕಾರಣವೇ ಇರಲಿಲ್ಲ. ಸಹಿ ಹಾಕಿದೆ. ಹಾಕಿದ ಮೇಲೆ ಮಾತ್ರ ನನಗೆ ನೆಮ್ಮದಿಯ ನಿದ್ದೆ ಬರಲಿಲ್ಲ. ಎರಡು ಬೇಸಿಗೆ, ದಿನಾಲೂ ಸಂಜೆ ಹೌಜಿನ ದಂಡೆಯಲ್ಲಿ ಕೂತು ಮಕ್ಕಳ ತಲೆ ಎಣಿಸಿದೆ. ನಾನು ಮುಳುಗಿದ ಜಾಗದಲ್ಲೇ ಅವರು ಈಜಾಡುತ್ತ ನೀರೆರಚಿ ಕೇಕೆ ಹಾಕುತ್ತಿದ್ದರು. ಒಂದು ಮಗು ಅರೆಗಳಿಗೆ ಮುಳುಗಿದರೆ ನಾನು ಎದ್ದು ನಿಲ್ಲುತ್ತಿದ್ದೆ. ಯಾರಿಗೂ ಏನೂ ಆಗಲಿಲ್ಲ. ನನಗೆ ವರ್ಗವಾಯಿತು.

ವರ್ಷಗಳ ಮೇಲೆ ಬಸವಕಲ್ಯಾಣಕ್ಕೆ ಹೋಗುವಾಗ ಹುಮನಾಬಾದಿನ ಬಸ್‌ ಸ್ಟ್ಯಾಂಡಿನಲ್ಲಿ ಖಾಸಿಂಸಾಬ್ ಸಿಕ್ಕ. ಬಹಳ ಮುಪ್ಪಾಗಿದ್ದ. ಮಗಳ ಮನೆಗೆಂದು ದುಬಲಗುಂಡಿಯ ಬಸ್ಸಿಗೆ ಕಾಯುತ್ತಿದ್ದ. ಕ್ಷೇಮಸಮಾಚಾರ ಮುಗಿಯಿತು. ಅವನು ಸುತ್ತಲೂ ನೋಡಿ ದನಿ ತಗ್ಗಿಸಿದ.

"ಸಾಹೇಬ್ರ, ಅವತ್ತ ನೀರಾಗ ನೀವು ನನ್ ಕಾಲು ಹಿಡಿದಿದ್ರೇನ್ರಿ?"

"ಇಲ್ಲ. ನನ್ನ ಎರಡೂ ಕೈ ನಿಮ್ಮ ತೋಳಿನ ಮೇಲಿದ್ದವು."

"ಅದೇ ಅನ್ಕೊಂಡಿದ್ದೆ," ಎಂದು ಅವನು ತಲೆಯಾಡಿಸಿದ. "ಹಗ್ಗ ಪೂರಾ ಮುಗದಿತ್ರಿ. ನಾ ಖಲಾಸ್ ಅಂದ್ಕೊಂಡೆ. ಅಷ್ಟ್ರಾಗ ಎರಡೂ ಪಾದದ ಕೆಳಗ ಯಾರೋ ಅಂಗೈ ಕೊಟ್ರು. ಮ್ಯಾಲಕ್ಕ ನೂಕಿದ್ರು."

ಬಸ್ಸು ಬಂತು. ಕಂಡಕ್ಟರ್ ಅವನ ರಟ್ಟೆ ಹಿಡಿದು ಹತ್ತಿಸಿಕೊಂಡ. ನಾನು ಕೈ ಎತ್ತುವುದನ್ನೂ ಮರೆತು ನಿಂತೆ.

ಅಂದಿನಿಂದ ನನ್ನ ಭಯ ಕಡಿಮೆಯಾಗಬೇಕಿತ್ತು, ನಮ್ಮನ್ನು ಉಳಿಸಿದ್ದಲ್ಲವೇ ಅದು? ಆಗಲಿಲ್ಲ. ಇಬ್ಬರನ್ನು ಹಾಗೆ ಮೇಲಕ್ಕೆತ್ತಬೇಕಾದರೆ ಅದು ಎಲ್ಲಿಯಾದರೂ ಗಟ್ಟಿಯಾಗಿ ಕಾಲೂರಿ ನಿಂತಿರಬೇಕು. ನಾನು ಹಾಸಿಸಿದ ಕಲ್ಲಿನ ಮೇಲಂತೂ ಅಲ್ಲ.