ಎಡೆ ಇಟ್ಟ ಸಂಜೆ ದಾವಣಗೆರೆಗೆ ಕೇಳಿಸಿದ್ದು

ಸತ್ತವರು ಮತ್ತೆ ಬರುತ್ತಾರೆ ಅನ್ನುವ ಮಾತನ್ನು ನಾನು ನಂಬಿದವನಲ್ಲ. ತಿಥಿಯ ದಿನ ಎಡೆ ಇಟ್ಟು ಬಾಗಿಲು ಹಾಕುವುದು, ತೆಗೆದ ಮೇಲೆ ಅನ್ನದಲ್ಲಿ ಬೆರಳಿನ ಗುರುತು ಮೂಡಿದೆಯೇ ಎಂದು ಬಗ್ಗಿ ನೋಡುವುದು, ಇವೆಲ್ಲ ಉಳಿದವರು ತಮ್ಮ ಸಮಾಧಾನಕ್ಕೆ ಮಾಡಿಕೊಂಡದ್ದು ಎಂದೇ ತಿಳಿದಿದ್ದೆ. ಈಗ ನಂಬುತ್ತೇನೆ ಎಂದು ಹೇಳಲಾರೆ. ನಂಬುವುದಿಲ್ಲ ಎನ್ನಲೂ ಬಾಯಿ ಬರುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಓದುವ ನಿಮಗೆ ಏನಾದರೂ ಹೊಳೆದರೆ ಹೊಳೆಯಲಿ.

ನಮ್ಮದು ನೊಣವಿನಕೆರೆಗೆ ಹತ್ತಿರದ ಸಣ್ಣ ಊರು. ಅಪ್ಪ ಮೊದಲೇ ಹೋಗಿದ್ದರು. ಅವ್ವ, ಅಣ್ಣ ರಂಗಸ್ವಾಮಿ, ನಾನು. ತೋಟ ಅಣ್ಣನೇ ನೋಡಿಕೊಳ್ಳುತ್ತಿದ್ದ. ತಿಪಟೂರಿನಲ್ಲಿ ಓದುವಾಗ ಅವನಿಗೆ, ಮನೆಯಿಂದಲೇ ದೂರದೂರದವರಿಗೆ ಸಂದೇಶ ಕಳಿಸುವ ಹ್ಯಾಮ್ ರೇಡಿಯೋ ಹುಚ್ಚು ಹತ್ತಿತು. ಪರೀಕ್ಷೆ ಬರೆದು ಪರವಾನಗಿ ತೆಗೆದುಕೊಂಡ. ಬಿಡಿಭಾಗಗಳನ್ನು ಒಂದೊಂದಾಗಿ ತಂದು ತಾನೇ ಸೆಟ್ಟು ಕಟ್ಟಿದ. ಕಾಯಿ ಕೀಳುವವರನ್ನು ಹತ್ತಿಸಿ ಎರಡು ತೆಂಗಿನಮರಗಳ ನಡುವೆ ಏರಿಯಲ್ ತಂತಿ ಎಳೆಸಿದ. ಅದು ಬಾಯಿಬಿಟ್ಟು ಮಾತಾಡುವ ಸೆಟ್ಟಲ್ಲ. ಒಂದು ಹಿತ್ತಾಳೆಯ ಕೀಯನ್ನು ಬೆರಳಿನಿಂದ ಒತ್ತಿ, ಗಿಡ್ಡ ಸದ್ದು ಉದ್ದ ಸದ್ದುಗಳಲ್ಲಿ ಅಕ್ಷರ ಅಕ್ಷರವಾಗಿ ಕಳಿಸಬೇಕು, ಅಂಚೆ ಕಚೇರಿಯಲ್ಲಿ ತಂತಿ ಕಳಿಸುತ್ತಿದ್ದರಲ್ಲ, ಹಾಗೆ.

ದೇಶದೇಶದವರು ಸಿಗುತ್ತಿದ್ದರು. ಆಡುತ್ತಿದ್ದದ್ದೇನು ಎಂದರೆ ಹೆಸರು, ಊರು, ಮಳೆ ಬಿಸಿಲು, ಆರೋಗ್ಯ. ಅಷ್ಟೇ. ನಮ್ಮ ಸೋದರಮಾವ ಬಂದಾಗಲೆಲ್ಲ ಕೆಣಕುತ್ತಿದ್ದರು: "ತುರುವೇಕೆರೆಲಿರೋ ನೆಂಟ್ರನ್ನ ಮಾತಾಡ್ಸಕ್ಕೆ ಪುರುಸೊತ್ತಿಲ್ಲ, ರಷ್ಯಾದೋನಿಗೆ ಮಳೆ ವಿಚಾರ ಹೇಳ್ಕಂಡ್ ಕೂತವ್ನೆ."

"ರಷ್ಯಾದೋನು ಮದ್ವೆ ಯಾವಾಗ ಅಂತ ಕೇಳಲ್ಲ ಮಾವ" ಎನ್ನುತ್ತಿದ್ದ ಅಣ್ಣ.

ಇದರಲ್ಲಿ ಅಂಥ ಸುಖವೇನು ಎಂದು ನಾನೂ ಒಮ್ಮೆ ಕೇಳಿದ್ದೆ. "ನಾನೇ ಕಟ್ಟಿದ ತಂತಿಗೆ ಎಲ್ಲಿಂದಲೋ ಯಾರೋ ಬಂದು ನನ್ನ ಹೆಸರು ಕೂಗ್ತಾರೆ ಕಣ್ಲಾ. ನೀನೊಂದ್ಸಲ ಕೂತ್ಕೊಂಡು ನೋಡು" ಎಂದ. ಕೂತೆ. ನನಗೆ ಬರೀ ಪೀಪೀ ಕೇಳಿಸಿತು. ಅವನು ಮಾತ್ರ ಅಲ್ಲಿಂದ ಎದ್ದು ಬರುವಾಗ ಹೊಟ್ಟೆ ತುಂಬ ಉಂಡವನ ಹಾಗೆ ಕಾಣುತ್ತಿದ್ದ.

ಎಪ್ಪತ್ತರ ದಶಕದ ಕೊನೆಯಲ್ಲಿ ಅಣ್ಣನಿಗೆ ಕಾಮಾಲೆ ಬಂತು. ನಾಟಿ ಔಷಧಿ ಹಿಡಿಯಲಿಲ್ಲ. ತಿಪಟೂರಿಗೆ ಕರೆದುಕೊಂಡು ಹೋಗುವಷ್ಟರಲ್ಲಿ ಕೈಮೀರಿತ್ತು. ಮದುವೆಯೂ ಆಗಿರಲಿಲ್ಲ.

ತಿಥಿಯ ದಿನ ಅವ್ವ, ಎಡೆಯನ್ನು ಅವನ ರೇಡಿಯೋ ಕೋಣೆಯಲ್ಲೇ ಇಡಬೇಕೆಂದಳು. ಫೋಟೋಗೆ ಹಾರ ಹಾಕಿ, ಎಲೆಯ ತುಂಬ ಅವನಿಗೆ ಇಷ್ಟವಾದದ್ದನ್ನು ಬಡಿಸಿದಳು. ಮುದ್ದೆ, ಕೋಳಿಸಾರು, ಒಂದು ಹಿಡಿ ಕಡ್ಲೆಪುರಿ, ಕೊಬ್ಬರಿ ಚೂರು. ಆಮೇಲೆ ನನ್ನ ಕಡೆ ತಿರುಗಿ, "ಆ ಪೆಟ್ಟಿಗೇನೂ ಹಚ್ಚಪ್ಪ. ಬಂದೋನು ಅದನ್ನ ಮುಟ್ಟದೆ ಹೋಗ್ತಾನಾ?" ಎಂದಳು.

ಬ್ಯಾಟರಿ ಜೋಡಿಸಿ ಸ್ವಿಚ್ಚು ಹಾಕಿದೆ. ಸಣ್ಣ ಕೆಂಪು ದೀಪ ಹತ್ತಿತು. ಹಿತ್ತಾಳೆಯ ಕೀಯನ್ನು ಒರೆಸಿ ಎಲೆಯ ಪಕ್ಕ ಇಟ್ಟೆ. ಅದರ ತಂತಿ ಸೆಟ್ಟಿಗೆ ಸೇರಿಕೊಂಡೇ ಇತ್ತೋ ಇಲ್ಲವೋ, ಅದೇ ಈಗ ನನಗೆ ನೆನಪಿಲ್ಲ. ಎಲೆಯವರೆಗೆ ಎಟುಕಲಿಲ್ಲವೆಂದು ಕಿತ್ತು ಇಟ್ಟ ಹಾಗೆ ಒಂದು ದಿನ ಅನ್ನಿಸುತ್ತದೆ. ತಂತಿ ಸಮೇತ ಎಳೆದು ಇಟ್ಟ ಹಾಗೆ ಇನ್ನೊಂದು ದಿನ ಕಣ್ಣಿಗೆ ಕಟ್ಟುತ್ತದೆ.

ಬಾಗಿಲು ಹಾಕಿದೆವು. ದೀಪ ಹಚ್ಚುವ ಹೊತ್ತು. ಬಂದಿದ್ದ ನೆಂಟರೂ ನಾವೂ ಜಗಲಿಯ ಮೇಲೆ ಕೂತೆವು. ಒಳಗೆ ಬಂದವರು ಉಂಡು ಎದ್ದಿರಬಹುದು ಅನ್ನಿಸುವ ತನಕ ಬಾಗಿಲು ತೆಗೆಯಬಾರದು. ಸಾಮಾನ್ಯವಾಗಿ ಹಿರಿಯರು ಹೊತ್ತು ನೋಡಿ ಹೇಳುತ್ತಾರೆ. ಅಂದು ಮಾವ ಬೇಗ ಎದ್ದರು. "ಸಾಕು ಬುಡ್ರಪ್ಪ, ಮಕ್ಳು ಹಸ್ಕಂಡವೆ. ಕೆಂಕೆರೆ ನೆಂಟ್ರಿಗೆ ಬಸ್ ತಪ್ಪುತ್ತೆ."

"ಇನ್ನೊಂದ್ ಗಳಿಗೆ ತಡೀ ಅಣ್ಣಯ್ಯ" ಎಂದಳು ಅವ್ವ. ಅಷ್ಟರಲ್ಲಿ ಮಾವ, ಒಳಗಿನವರಿಗೆ ತಿಳಿಯಲೆಂದು ಕೆಮ್ಮಿ, ಬಾಗಿಲು ನೂಕಿಬಿಟ್ಟಿದ್ದರು.

ಒಳಗೆ ಎಲ್ಲ ಇಟ್ಟ ಹಾಗೇ ಇತ್ತು. ನಾನು ಸ್ವಿಚ್ಚು ಆರಿಸಿ ಬಂದು ಬಡಿಸಲು ನಿಂತೆ.

ಒಂದು ದಿನ ಬಿಟ್ಟು, ಕೈಯಲ್ಲಿ ಚೀಲ ಹಿಡಿದ ಒಬ್ಬರು ಮನೆ ಕೇಳಿಕೊಂಡು ಬಂದರು. ದಾವಣಗೆರೆಯವರು, ಬ್ಯಾಂಕಿನ ನೌಕರಿ. ಅಣ್ಣನ ಬಾಯಲ್ಲಿ 'ದಾವಣಗೆರೆ ರಾಯರು' ಎಂದು ಎಷ್ಟೋ ಸಲ ಕೇಳಿದ್ದೆ. ವರ್ಷಗಟ್ಟಲೆ ರೇಡಿಯೋದಲ್ಲಿ ಸಿಕ್ಕುತ್ತಿದ್ದರೂ ಒಬ್ಬರ ಮುಖ ಒಬ್ಬರು ಕಂಡವರಲ್ಲ. ದನಿಯನ್ನೂ ಕೇಳಿರಲಿಲ್ಲ.

"ರಂಗಸ್ವಾಮಿ ಇದ್ದಾರಾ? ಅರಸೀಕೆರೆಗೆ ಬಂದಿದ್ದೆ. ಮೊನ್ನೆ ಸಂಜೆ ಮಾತು ಅರ್ಧಕ್ಕೇ ನಿಂತುಹೋಯ್ತು. ಏನಾಯ್ತೋ ನೋಡ್ಕೊಂಡು ಹೋಗೋಣ ಅಂತ ಬಂದೆ" ಎಂದರು.

ಅವರನ್ನು ರೇಡಿಯೋ ಕೋಣೆಗೆ ಕರೆದುಕೊಂಡು ಹೋದೆ. ತಮ್ಮ ಗೆಳೆಯನ ಮುಖವನ್ನು ಅವರು ಮೊದಲು ನೋಡಿದ್ದು ಹಾರದ ನಡುವೆ. ತಿಥಿ ಮೊನ್ನೆ ತಾನೆ ಆಯಿತು ಎಂದಾಗ ಚೀಲ ಕೆಳಗಿಟ್ಟು ಫೋಟೋದ ಹತ್ತಿರ ಹೋದರು.

"ಮೊನ್ನೆ ನಾನು ಅವರ ಹತ್ರ ಮಾತಾಡಿದ್ದೀನಿ ಕಣ್ರೀ."

ಸಂಜೆ ಸೆಟ್ಟಿನ ಮುಂದೆ ಕೂತಿದ್ದರಂತೆ. ಬಹಳ ದಿನದಿಂದ ಕಾಣದಿದ್ದ ಅಣ್ಣ ಕರೆದನಂತೆ. ಪರವಾನಗಿಯಲ್ಲಿ ಕೊಟ್ಟಿದ್ದ ತನ್ನ ಗುರುತು ಹೇಳಿದ, ಹೆಸರು ಹೇಳಿದ. ಹೆಸರಿನ ಕೊನೆಯ ಅಕ್ಷರವನ್ನು ಅವನು ಒಂದು ಬಗೆಯಲ್ಲಿ ಎಳೆಯುತ್ತಿದ್ದನಂತೆ. ಒಬ್ಬೊಬ್ಬರ ಕೈಯೂ ಒಬ್ಬೊಬ್ಬರ ದನಿಯ ಹಾಗೇ ಗೊತ್ತಾಗಿಬಿಡುತ್ತದಂತೆ. "ಎಲ್ಲಿ ಹೋಗಿದ್ರಿ, ಹೇಗಿದ್ದೀರಿ" ಎಂದು ಇವರು ಕೇಳಿದ್ದಾರೆ. ಅದಕ್ಕೆ 'ಸ್ವಲ್ಪ ತಾಳಿ' ಅನ್ನುವ ಸಂಜ್ಞೆ ಬಂತು. ಆಮೇಲೆ ಏನೂ ಇಲ್ಲ. ಊಟಕ್ಕೆ ಕರೆಯುವ ತನಕ ಕಾದು ಎದ್ದರಂತೆ.

ದಿನ ತಪ್ಪಿರಬಹುದೇ ಎಂದೆ. ಬೇರೆ ಯಾರಾದರೂ ಅಣ್ಣನ ಹೆಸರಿನಲ್ಲಿ ಕಳಿಸಿರಬಹುದೇ ಎಂದೆ. "ಇರಬಹುದು" ಎಂದರು, ಫೋಟೋದಿಂದ ಕಣ್ಣು ಕೀಳದೆ. ಇಬ್ಬರೂ ಬಗ್ಗಿ ಸೆಟ್ಟು ನೋಡಿದೆವು. ಕೀಯ ತಂತಿ ಬಿಚ್ಚಿಕೊಂಡೇ ಇತ್ತು. ಕೋಣೆ ಗುಡಿಸುವಾಗ ಯಾರಾದರೂ ಬಿಚ್ಚಿದ್ದರೋ, ಮೊದಲಿನಿಂದಲೂ ಹಾಗೇ ಇತ್ತೋ, ಹೇಳುವವರು ಯಾರೂ ಸಿಗಲಿಲ್ಲ. ಕೀಯ ಮೇಲೆ ಇಲಿ ಓಡಾಡಿದರೆ ಸದ್ದು ಹೋಗಬಹುದು. ಹೆಸರು ಹೋಗುತ್ತದೆಯೇ?

ಅವ್ವ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು.

"ತಾಳಿ ಅಂದ್ನಾ ಸ್ವಾಮಿ?"

"ಹೌದಮ್ಮ."

"ಆಮೇಲೆ?"

"ಆಮೇಲೆ ಬರಲಿಲ್ಲ."

ಅವ್ವ ನನ್ನ ಕಡೆ ನೋಡಿ, "ಬಾಗ್ಲು ತೆಗೆದ್ಬುಟ್ವಲ್ಲಪ್ಪ" ಎಂದಳು.

ರಾಯರು ಸಂಜೆಯ ಬಸ್ಸಿಗೆ ಹೋದರು. ಅವ್ವ ಮಾವನನ್ನು ಒಂದು ದಿನವೂ ದೂರಲಿಲ್ಲ. ಆದರೆ ನನ್ನನ್ನು ಮಾತ್ರ ಕೇಳುತ್ತಲೇ ಇದ್ದಳು. ಕಾಯಿ ಸುಲಿಸುವಾಗ, ಬಸ್ಸಿಗೆ ಕಾಯುವಾಗ, ಇದ್ದಕ್ಕಿದ್ದ ಹಾಗೆ: "ಅವ್ನು ಬಂದಿದ್ನಾ?" ಬಂದಿರಲಿಲ್ಲ ಎಂದರೆ ಸತ್ತ ಮಗನದೆಂದು ಅವಳಿಗೆ ಉಳಿದಿದ್ದ ಅಷ್ಟೂ ಹೋಗುತ್ತದೆ. ಬಂದಿದ್ದ ಎಂದರೆ, ಮಾತಾಡುತ್ತಿದ್ದವನನ್ನು ನಾವೇ ಎಬ್ಬಿಸಿದ ಹಾಗಾಗುತ್ತದೆ. ಯಾವುದನ್ನು ಹೇಳಲಿ?

ಈ ವರ್ಷ ಅವ್ವ ತೀರಿಕೊಂಡಳು. ಹೋಗುವ ಹಿಂದಿನ ದಿನ ನನ್ನ ಕೈ ಹಿಡಿದುಕೊಂಡು ಮತ್ತೆ ಅದನ್ನೇ ಕೇಳಿದಳು. ಸಾಯುವವಳಿಗೆ ಒಂದು ಸುಳ್ಳಾದರೂ ಹೇಳಬಹುದಿತ್ತು. ಎರಡರಲ್ಲಿ ಸುಳ್ಳು ಯಾವುದು ಎಂಬುದೇ ನನಗೆ ತಿಳಿಯಲಿಲ್ಲ.

"ಗೊತ್ತಿಲ್ಲ ಕಣವ್ವ" ಎಂದೆ.