ಕುಡಿಯದವನ ಲಿವರ್

ಗಡಿಯಾರ ರಿಪೇರಿಯವನು ಜನ್ಮದಲ್ಲಿ ಒಂದು ತೊಟ್ಟು ಹೆಂಡ ಮುಟ್ಟಿದವನಲ್ಲ. ಅವನ ಷಡ್ಡಕ, ಎಂದರೆ ನಾದಿನಿಯ ಗಂಡ, ಗೋಡೆಗೆ ಬಣ್ಣ ಬಳಿಯುವವನು. ವಾರಕ್ಕೆ ಎರಡು ಸಂಜೆಯಾದರೂ ಗಂಟಲು ಒದ್ದೆಯಾಗಲೇಬೇಕು. ಆದರೂ ಆಳು ಸಪೂರ, ನೆಟ್ಟಗೆ ಕಡ್ಡಿಯಂತೆ. ಇವನೋ ಬೆಳಗಿನಿಂದ ಸಂಜೆಯವರೆಗೆ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತಲ್ಲೇ ಕೂತು, ಪಕ್ಕದ ಬೇಕರಿಯಿಂದ ಬನ್ನು, ಸಿಹಿ ಚಹಾ ತರಿಸಿಕೊಂಡು, ಮೇಜಿಗೂ ಹಿಂದಿನ ಗೋಡೆಗೂ ನಡುವೆ ಹಿಡಿಸದಷ್ಟು ಹೊಟ್ಟೆ ಬೆಳೆಸಿದ್ದ.

ನಲವತ್ತೆರಡನೇ ವಯಸ್ಸಿನಲ್ಲಿ ಸ್ಕ್ಯಾನ್ ಮಾಡಿಸಿದಾಗಲೇ ಡಾಕ್ಟರು, "ಲಿವರಿನಲ್ಲಿ ಕೊಬ್ಬು ಕೂತಿದೆ. ತೂಕ ಇಳಿಸಿ," ಎಂದಿದ್ದರು. ನೋವಿಲ್ಲ, ಸಂಕಟವಿಲ್ಲ, ಇವನು ಕಿವಿಗೆ ಹಾಕಿಕೊಳ್ಳಲಿಲ್ಲ. ಒಂಬತ್ತು ವರ್ಷವಾದ ಮೇಲೆ, ಸದಾ ಸುಸ್ತೆಂದು ಮತ್ತೆ ಹೋದ. ಜೊತೆಗೆ ಬಂದ ಷಡ್ಡಕ ತನ್ನ ಲಿವರನ್ನೂ ಪರೀಕ್ಷೆ ಮಾಡಿಸಿಕೊಂಡ. ಅವನದು ಸದ್ಯಕ್ಕೆ ಚೊಕ್ಕ. ಇವನ ಲಿವರ್ ಗಟ್ಟಿಯಾಗುತ್ತಿತ್ತು.

"ನಾನು ಕುಡಿಯೋದೇ ಇಲ್ವಲ್ಲ ಡಾಕ್ಟ್ರೇ!"

"ಕುಡೀಲೇಬೇಕಂತಿಲ್ಲ. ಕೊಬ್ಬು ಕೂತ ಕಡೆ ಕೆಲವರಿಗೆ ಉರಿಯೂತ ಬರುತ್ತೆ. ವರ್ಷಗಟ್ಟಲೆ ಗಾಯ ಆಗ್ತಾ, ಮಾಯ್ತಾ ಇದ್ರೆ ಅಲ್ಲಿ ಕಲೆ ಉಳಿಯುತ್ತೆ. ಕಲೆ ಪೂರ್ತಿ ಹಬ್ಬಿದ್ರೆ ಲಿವರ್ ಕೈಕೊಡುತ್ತೆ. ನಿಮ್ಮದು ಇನ್ನೂ ಅಷ್ಟು ದೂರ ಹೋಗಿಲ್ಲ." ಡಾಕ್ಟರು ಷಡ್ಡಕನತ್ತ ತಿರುಗಿದರು. "ನೀವು ನಗಬೇಡಿ. ಕುಡಿತ ಬಿಡಿ."

ಅವನು ನಗುತ್ತಲೇ ಇದ್ದ. ಗಡಿಯಾರದವನಿಗೆ ಮೈಯೆಲ್ಲ ಉರಿದುಹೋಯಿತು.

"ಕುಡಿಯೋದು ಅವನು, ಕಾಯಿಲೆ ನನಗೆ!" ಎಂದು ಮನೆಯಲ್ಲಿ ಹಲ್ಲು ಕಡಿದ.

"ಅವರು ದಿನಾ ನೂರು ಸಲ ಏಣಿ ಹತ್ತಿ ಇಳೀತಾರೆ. ನೀವು ಬನ್ನಿಗೂ ಎದ್ದು ಹೋಗಲ್ಲ," ಎಂದಳು ಹೆಂಡತಿ. ಅವಳ ಬಾಯಲ್ಲಿ ಅವನ ಹೊಗಳಿಕೆ! ಆ ರಾತ್ರಿ ಊಟ ರುಚಿಸಲಿಲ್ಲ.

ಮರುದಿನ ಬೆಳಿಗ್ಗೆ ಏಳಕ್ಕೆ ಷಡ್ಡಕ ಕೆಲಸಕ್ಕೆ ನಡೆದುಕೊಂಡು ಹೊರಟಾಗ ಇವನೂ ಜೊತೆಗೂಡಿದ.

"ಏನ್ ಭಾವ, ದಾರಿ ತಪ್ಪಿದ್ರಾ?"

"ಸುಮ್ನೆ ನಡಿಯೋ!"

ಎರಡನೇ ತಿರುವಿಗೇ ಏದುಸಿರು. ಮುಂದೆ ಅವನು ಸಿಳ್ಳೆ ಹಾಕುತ್ತಾ ಹೋಗುವುದನ್ನು ಕಂಡು, ತಡೆಯಲಾರದೆ ದಿನವೂ ಮತ್ತೆ ಹೆಜ್ಜೆ ಕಿತ್ತಿಡುತ್ತಿದ್ದ. ಡಾಕ್ಟರ ಮಾತಿಗೆ ಬಿಡದಿದ್ದ ಬನ್ನನ್ನು ಹೊಟ್ಟೆಕಿಚ್ಚಿಗೆ ಬಿಟ್ಟ. ವರ್ಷದೊಳಗೆ ಹತ್ತು ಕಿಲೊ ಇಳಿಯಿತು. ಕೊಬ್ಬು ಕರಗಿದೆ, ಕಲೆ ಮುಂದುವರಿದಿಲ್ಲ, ಲಿವರ್ ಕೊಂಚ ಮೆತ್ತಗಾಗಿದೆ ಎಂದು ಹೊಸ ಪರೀಕ್ಷೆ ಹೇಳಿತು.

ಹಿಗ್ಗುತ್ತಾ ಮನೆಗೆ ಬಂದರೆ, ಹೆಂಡತಿ ಮೊದಲ ಲೋಟ ಚಹಾ ಜೊತೆಗೆ ಬಂದಿದ್ದ ಷಡ್ಡಕನ ಕೈಗಿಟ್ಟಳು. "ಇವರನ್ನ ಉಳಿಸಿದ್ದೇ ನೀವು!"

"ಬಿಡಿ ಅತ್ತಿಗೆ, ನಾನೇನು ಮಾಡಿದೆ," ಎಂದು ಅವನು ನಾಚಿ ನಕ್ಕ.

ಗಡಿಯಾರದವನು ಮುಖ ಹುಳ್ಳಗೆ ಮಾಡಿಕೊಂಡ. "ನಾಳೆಯಿಂದ ಐದೂವರೆಗೇ ಹೊರಡ್ತೀನಿ," ಎಂದ. "ಒಬ್ಬನೇ."