ಮೂರನೆಯ ಮಹಡಿಯ ಕನ್ನಡ

ಪುಣೆಗೆ ಬಂದ ಐದನೆಯ ದಿನ ನಮ್ಮ ಬಾಗಿಲಿಗೆ ಯಾರೋ ಒಂದು ಚೀಟಿ ಅಂಟಿಸಿದ್ದರು. ದುಂಡನೆಯ ಕೈಬರಹ, ನಾಗರಿ ಲಿಪಿ. ಹೈಸ್ಕೂಲಿನ ಹಿಂದಿಯ ದಯೆಯಿಂದ ಅಕ್ಷರಗಳನ್ನೆಲ್ಲ ಓದಿದೆ. ಒಂದು ಮಾತೂ ಅರ್ಥವಾಗಲಿಲ್ಲ. ಹದಿನೆಂಟು ವರ್ಷ ಮೈಸೂರಿನ ಒಂದು ಮುದ್ರಣಾಲಯಕ್ಕೆ ಕರಡು ತಿದ್ದಿಕೊಟ್ಟವಳು ನಾನು. ಓದಲು ಬಂದೂ ತಿಳಿಯದಿರುವುದು ಅಂದರೇನು ಎಂದು ಆವತ್ತು ಗೊತ್ತಾಯಿತು. ಚೀಟಿಯ ಫೋಟೋ ತೆಗೆದುಕೊಂಡು ಬೀದಿಯ ಕೊನೆಯ ಉಡುಪಿ ಹೋಟೆಲಿಗೆ ಹೋದೆ. ಗಲ್ಲಾದಲ್ಲಿ ಕೂತಿದ್ದ ಶೆಟ್ಟರು ಅದನ್ನು ಓದಿ ನಕ್ಕರು.

"ಮೆಟ್ಟಿಲು ಎಲ್ಲರದ್ದು, ಚಪ್ಪಲಿ ನಿಮ್ಮದು. ನಿಮ್ಮದನ್ನು ನಿಮ್ಮ ಮನೆಯೊಳಗೆ ಇಟ್ಕೊಳ್ಳಿ, ಅಂತ ಬರ್ದಿದ್ದಾರೆ ಮಾರಾಯ್ರೆ. ಬೇಜಾರು ಮಾಡ್ಬೇಡಿ. ಇಲ್ಲಿ ಪ್ರೀತಿ ಇದ್ರೂ ಹೀಗೇ ಬರೆಯುದು."

ನನ್ನ ಗಂಡನಿಗೆ ಬ್ಯಾಂಕಿನಲ್ಲಿ ಕೆಲಸ. ವಿಮಾನ ನಗರದ ಶಾಖೆಗೆ ವರ್ಗವಾಗಿತ್ತು. ಅಲ್ಲಿನ ಅಪಾರ್ಟ್‌ಮೆಂಟುಗಳನ್ನು ನೋಡಿ, ಇದು ನಮ್ಮಂಥವರಿಗಲ್ಲ ಎಂದುಕೊಂಡು ಶಿವಾಜಿನಗರದ ಹಿಂಬದಿಯ ಒಂದು ಹಳೆಯ ಕಟ್ಟಡದಲ್ಲಿ ಮನೆ ಹಿಡಿದೆವು. ನಾಲ್ಕನೆಯ ಮಹಡಿ, ಲಿಫ್ಟ್ ಇಲ್ಲ. ಮನೆ ಹುಡುಕಿಕೊಟ್ಟ ದಲ್ಲಾಳಿ ಮೊದಲ ದಿನ "ಖೋಲಿ ಪಾಹಿಜೆ ಕಾ?" ಎಂದು ಕೇಳಿದ್ದ. ನಾನು ಗಂಭೀರವಾಗಿ, ನಾವು ಸಸ್ಯಾಹಾರಿಗಳು ಎಂದು ಹಿಂದಿಯಲ್ಲಿ ಉತ್ತರಿಸಿದ್ದೆ. ಖೋಲಿ ಎಂದರೆ ಕೋಣೆ, ಪಾಹಿಜೆ ಕಾ ಎಂದರೆ ಬೇಕೇ. ತರಕಾರಿಯವನು, ರಿಕ್ಷಾದವನು, ಹಾಲಿನವಳು ಎಲ್ಲರೂ ನನ್ನನ್ನು "ತಾಯಿ" ಎನ್ನುತ್ತಿದ್ದರು. ನನ್ನಷ್ಟೇ ವಯಸ್ಸಿನ ಹೆಂಗಸೂ ತಾಯಿ ಎಂದಾಗ ಮನೆಗೆ ಬಂದು ಕನ್ನಡಿಯಲ್ಲಿ ನೆರೆಗೂದಲು ಹುಡುಕಿದೆ. ಅದು ಅಕ್ಕ ಎನ್ನುವ ಮಾತೆಂದು ತಿಳಿಯಲು ತಿಂಗಳು ಹಿಡಿಯಿತು. ರಾಗಿಯನ್ನು ನಾಚಣಿ ಎನ್ನುತ್ತಾರೆ ಎಂಬುದನ್ನು ಕಲಿತು, ಅಂಗಡಿಯಲ್ಲಿ ಹೆಮ್ಮೆಯಿಂದ ಎರಡು ಕಿಲೋ ಕೇಳಿದಾಗ ಅಂಗಡಿಯವನು, "ಮಗುವಿಗೆ ಎಷ್ಟು ತಿಂಗಳು?" ಎಂದು ವಿಚಾರಿಸಿದ. ನಮ್ಮಲ್ಲಿ ಗಟ್ಟಿಮುಟ್ಟಾದ ಗಂಡಸರು ಉಣ್ಣುವುದನ್ನು ಇಲ್ಲಿ ಹಲ್ಲು ಬಾರದ ಮಕ್ಕಳಿಗೆ ತಿನ್ನಿಸುತ್ತಾರೆ.

ಕರಡು ತಿದ್ದುವ ಕೆಲಸ ಇಮೇಲಿನಲ್ಲಿ ಮುಂದುವರಿದಿತ್ತು. ಹಗಲೆಲ್ಲ ಪರದೆಯ ಮೇಲೆ ಕನ್ನಡ, ಕಿಟಕಿಯ ಹೊರಗೆ ಮರಾಠಿ. ಗಂಡ ಬರುವವರೆಗೆ ಬಾಯಿಬಿಟ್ಟು ಒಂದು ಕನ್ನಡದ ಮಾತಾಡಿದ್ದಿಲ್ಲ ಎನ್ನುವುದು ಎಷ್ಟೋ ಸಂಜೆ ನೆನಪಾಗುತ್ತಿತ್ತು.

ಆ ಚೀಟಿ ಬರೆದವರು ನಮ್ಮ ಕೆಳಗಿನ ಮನೆಯ ಕುಮುದ್ ಕಾಕು. ಕಾಕು ಅಂದರೆ ಚಿಕ್ಕಮ್ಮ. ಇಡೀ ಕಟ್ಟಡಕ್ಕೆ ಅವರು ಕಾಕುವೇ. ಎಪ್ಪತ್ತು ದಾಟಿದ ಹೆಂಗಸು, ಶಾಲೆಯ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದು ನಿವೃತ್ತರಾದವರು, ಈಗ ನಿವಾಸಿಗಳ ಸಂಘದ ಕಾರ್ಯದರ್ಶಿ. ಅವರ ಗಂಡ ವಸಂತ ಕಾಕಾ ಒಂದು ಕಾರ್ಖಾನೆಯಲ್ಲಿ ಲೇತ್ ಯಂತ್ರ ನಡೆಸಿದವರು. ಸಂಜೆ ಟೀವಿ ಚರ್ಚೆ ನೋಡುತ್ತ ಎಲ್ಲ ಪಕ್ಷಗಳನ್ನೂ ಸಮನಾಗಿ ಬೈಯುತ್ತಿದ್ದರು. ಏಳು ಗಂಟೆಗೆ ಕಾಕು ರಿಮೋಟು ಕಸಿದುಕೊಂಡು ಧಾರಾವಾಹಿ ಹಾಕುತ್ತಿದ್ದರು. ಆಗಿನ ಜಗಳ ನಮ್ಮ ನೆಲಕ್ಕೆ ಕೇಳುತ್ತಿತ್ತು. ಮೆಟ್ಟಿಲಲ್ಲಿ ಸಿಕ್ಕರೆ ಕಾಕಾ "ನಮಸ್ಕಾರ್" ಎನ್ನುತ್ತಿದ್ದರು, ಅಷ್ಟೇ.

ಶ್ರಾವಣದಲ್ಲಿ ಒಂದು ಬೆಳಿಗ್ಗೆ ಕಾಕಾ ಹಲ್ಲುಜ್ಜುತ್ತಿದ್ದವರು ಕುಸಿದುಬಿದ್ದರು. ಲಕ್ವ. ಹತ್ತು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದರು. ಬಂದ ಮರುದಿನ ಕಾಕು ನಮ್ಮ ಬಾಗಿಲು ತಟ್ಟಿದರು. ನನ್ನ ಮುಂಗೈ ಹಿಡಿದು, ನನ್ನ ಮುರುಕು ಹಿಂದಿಗೆ ಹೊಂದುವಂಥ ಹಿಂದಿಯಲ್ಲಿ ಹೇಳಿದರು: "ನನ್ನ ಗಂಡ ಏನು ಹೇಳುತ್ತಿದ್ದಾರೆ ಅಂತ ನೀನು ಬಂದು ಹೇಳಬೇಕು."

ಮಂಚದಲ್ಲಿ ಒರಗಿದ್ದ ಕಾಕಾ ನನ್ನನ್ನು ನೋಡಿ ಸ್ಪಷ್ಟವಾಗಿ, "ಬರ್ರಿ, ಕೂಡ್ರಿ" ಎಂದರು. ನಾನು ಹೊಸ್ತಿಲಲ್ಲೇ ನಿಂತುಬಿಟ್ಟೆ.

ಕಾಕಾ ವಿಜಯಪುರದ ಕಡೆಯ ಕೃಷ್ಣಾ ದಂಡೆಯ ಹಳ್ಳಿಯವರು. ಹದಿನೆಂಟಕ್ಕೆ ಪುಣೆಗೆ ಬಂದು, ಆಮೇಲೆ ಕಾಕುವನ್ನು ಮೆಚ್ಚಿ ಮದುವೆಯಾದರು. ಕಾಕಾನ ಅಪ್ಪ ಇನ್ನು ಹೊಸ್ತಿಲು ತುಳಿಯಬೇಡ ಎಂದರಂತೆ. ಅಂದಿನಿಂದ ನಲವತ್ತಾರು ವರ್ಷ ಮನೆಯಲ್ಲಿ ಒಂದು ಕನ್ನಡದ ಮಾತು ಆಡಲಿಲ್ಲ. ಈಗ ಲಕ್ವ ಮರಾಠಿಯನ್ನಷ್ಟೇ ಒಯ್ದು ಮೊದಲ ಭಾಷೆಯನ್ನು ಉಳಿಸಿಹೋಗಿತ್ತು. ಹೀಗಾಗುವುದುಂಟು, ಮರಾಠಿ ಬಂದರೂ ಬರಬಹುದು, ಕಾಯಬೇಕು ಎಂದಿದ್ದರು ವೈದ್ಯರು.

ಹೀಗೆ ನಾನು ಗಂಡ ಹೆಂಡಿರ ನಡುವಿನ ದುಭಾಷಿಯಾದೆ. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ. ಸುಲಭವೇನಾಗಿರಲಿಲ್ಲ. ಎರಡನೆಯ ದಿನವೇ ಕಾಕಾ, "ಗಾದಿ ನೆಟ್ಟಗ ಮಾಡ್ರಿ" ಎಂದರು. ಮೈಸೂರಿನ ನನ್ನ ಕಿವಿಗೆ ಅದು ಗಾದೆ ಎಂದು ಕೇಳಿಸಿತು. ಯಾವ ಗಾದೆಯನ್ನು ತಪ್ಪಾಗಿ ಹೇಳಿದೆನೋ ಎಂದು ಯೋಚಿಸುವಷ್ಟರಲ್ಲಿ ಕಾಕು ಎದ್ದು ಹಾಸಿಗೆಯನ್ನು ಸರಿಮಾಡಿದ್ದರು. ಗಾದಿ ಅವರಿಬ್ಬರ ಭಾಷೆಯಲ್ಲೂ ಹಾಸಿಗೆಯೇ. ಕಾಕು ನನ್ನತ್ತ ನೋಡಿದ ನೋಟದಲ್ಲಿ ಸಣ್ಣ ಗೆಲುವಿತ್ತು. ನನಗೂ ನಗು ಬಂತು.

ಅದೇ ದಿನಗಳಲ್ಲಿ ಗಡಿಯ ಗಲಾಟೆ ಮತ್ತೆ ಹೊತ್ತಿಕೊಂಡಿತು. ಎರಡೂ ಕಡೆಯ ಬಸ್ಸುಗಳಿಗೆ ಮಸಿ ಬಳಿದರು. ನಾನು ಫೋನಿನಲ್ಲಿ ಕನ್ನಡ ವಾಹಿನಿ ನೋಡಿ ಕೆಳಗಿಳಿದರೆ ಕಾಕುವಿನ ಟೀವಿಯಲ್ಲಿ ಮರಾಠಿ ವಾಹಿನಿ. ಅದೇ ಬಸ್ಸು, ಅದೇ ಹಿನ್ನೆಲೆ ಸಂಗೀತ, ಕೆಂಪಕ್ಷರದಲ್ಲಿ ಅದೇ ಸಿಟ್ಟು. ಭಾಷೆ ಮಾತ್ರ ಬೇರೆ. "ಸ್ವಲ್ಪ ದಿನ ಮೆಟ್ಟಿಲ ಮೇಲೆ ಫೋನಲ್ಲಿ ಕನ್ನಡ ಮಾತಾಡ್ಬೇಡ ಕಣೆ" ಎಂದರು ನನ್ನ ಗಂಡ. ನಾನು ತಲೆಯಾಡಿಸಿದೆ. ಆದರೆ ಕಾಕಾಗೆ ಯಾರು ಹೇಳುವುದು? ಕಿವಿ ಸ್ವಲ್ಪ ಮಂದವಾಗಿದ್ದ ಅವರು ಜೋರಾಗಿಯೇ ಮಾತಾಡುತ್ತಿದ್ದರು. ಮೊದಲ ಮಹಡಿಯ ಒಬ್ಬರು ಕಟ್ಟಡದ ವಾಟ್ಸಾಪ್ ಗುಂಪಿನಲ್ಲಿ, "ನಮ್ಮ ಕಟ್ಟಡದಲ್ಲಿ ಈಚೆಗೆ ಕನ್ನಡ ಬಹಳ ಕೇಳಿಬರುತ್ತಿದೆ, ಇದು ಮಹಾರಾಷ್ಟ್ರ" ಎಂದು ಬರೆದರು.

ಮರುದಿನ ಕೆಳಗಿನ ಫಲಕದಲ್ಲಿ ದುಂಡನೆಯ ಕೈಬರಹದ ಹೊಸ ಸೂಚನೆಯಿತ್ತು. ಅಷ್ಟು ಹೊತ್ತಿಗೆ ನನಗೆ ಮರಾಠಿ ಓದಿ ತಿಳಿಯುವಷ್ಟು ಬರುತ್ತಿತ್ತು. "ಮೂರನೆಯ ಮಹಡಿಯಲ್ಲಿ ಸದ್ಯ ಕನ್ನಡ ಮಾತಾಡಲಾಗುತ್ತಿದೆ. ಆಕ್ಷೇಪವಿರುವವರು ಖುದ್ದಾಗಿ ಬಂದು ರೋಗಿಗೆ ಮರಾಠಿ ಕಲಿಸತಕ್ಕದ್ದು. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಬರಬಾರದು. — ಕಾರ್ಯದರ್ಶಿ." ಕಲಿಸಲು ಯಾರೂ ಬರಲಿಲ್ಲ. ಎರಡು ದಿನ ಬಿಟ್ಟು ಮೊದಲ ಮಹಡಿಯ ಆ ಮನುಷ್ಯನೇ ಒಂದು ಡಬ್ಬಿಯಲ್ಲಿ ಥಾಲೀಪೀಠ ಹಿಡಿದುಕೊಂಡು ಬಂದು, ಕಾಕಾನ ಕಾಲ ಬಳಿ ಸ್ವಲ್ಪ ಹೊತ್ತು ಕೂತು ಹೋದರು.

ಇನ್ನೊಂದು ಸಂಗತಿ ಹೇಳಬೇಕು. ಹೇಳಲು ಸ್ವಲ್ಪ ಸಂಕೋಚ.

ಒಂದು ಬೆಳಿಗ್ಗೆ ಕಾಕು ಗಂಡನ ಬೆನ್ನೊರೆಸಿ, ಅಂಗಿ ತೊಡಿಸಿ, ಗಂಜಿ ತರಲು ಒಳಗೆ ಹೋಗಿ ಬಂದರು. ಕಾಕಾ ನನ್ನ ಕಡೆ ತಿರುಗಿ, "ಈಕಿ ಯಾರು? ಭಾಳ ಕೆಲಸಾ ಮಾಡ್ತಾಳ ಪಾಪ" ಎಂದರು.

"ಏನಂದರು?" ಎಂದು ಕೇಳಿದರು ಕಾಕು.

"ನೀವು ಬಹಳ ಕೆಲಸ ಮಾಡುತ್ತೀರಂತೆ, ಪಾಪ ಅಂದರು" ಎಂದೆ.

ಕಾಕು ಗಂಜಿಯ ಬಟ್ಟಲನ್ನು ಮೇಜಿನ ಮೇಲಿಟ್ಟರು. ನನ್ನನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಸಣ್ಣ ದನಿಯಲ್ಲಿ ಹೇಳಿದರು. "ಹದಿನೈದು ದಿನದಿಂದ ನೋಡುತ್ತಿದ್ದೇನೆ. ನಿನ್ನ ಬಾಯಿಂದ ಬರುವಾಗ ಅವರ ಮಾತೆಲ್ಲ ಸಿಹಿಯಾಗಿರುತ್ತದೆ. ನಲವತ್ತಾರು ವರ್ಷದಲ್ಲಿ ನನ್ನ ಗಂಡ ಒಂದು ದಿನವೂ ಇಷ್ಟು ಸಿಹಿಯಾಗಿ ಮಾತಾಡಿದವರಲ್ಲ. ಪೂರ್ತಿ ಹೇಳು."

ನಾನು ಕರಡು ತಿದ್ದುವವಳು. ತಪ್ಪು ಕಂಡಲ್ಲಿ ಕೈ ತಾನೇ ಓಡುತ್ತದೆ. ಹಿಂದಿನ ವಾರವೂ ಅವರು, "ಅವ್ವಾ, ಮನೀಗಿ ಹೋಗೂಣ ನಡಿ" ಎಂದಿದ್ದನ್ನು ಚಹಾ ಬೇಕಂತೆ ಎಂದು ತಿದ್ದಿದ್ದೆ. ಕಾಕು ಚಹಾ ಮಾಡಿ ತಂದರೆ ಅವರು ಮುಖ ತಿರುಗಿಸಿದ್ದರು. ಈಗ ಎರಡನ್ನೂ ಇದ್ದ ಹಾಗೆಯೇ ಹೇಳಿದೆ. ನೀವು ಯಾರೆಂದು ಕೇಳುತ್ತಿದ್ದಾರೆ ಎಂದೆ.

ಕಾಕು ಒಲೆಯ ಕಟ್ಟೆಗೆ ಕೈಯೂರಿ ಹೊರಗಿನ ತಂತಿಯಲ್ಲಿ ಒಣಗುತ್ತಿದ್ದ ಬಟ್ಟೆಗಳನ್ನು ನೋಡುತ್ತ ನಿಂತರು. ಅಳಲಿಲ್ಲ. ಆಮೇಲೆ, "ಕನ್ನಡದಲ್ಲಿ ನಾನು ನಿಮ್ಮ ಹೆಂಡತಿ ಅನ್ನುವುದು ಹೇಗೆ?" ಎಂದು ಕೇಳಿದರು. ಹಳೆಯ ಒಂದು ಸಭಾ ಸೂಚನೆಯ ಹಿಂಬದಿಯಲ್ಲಿ ನಾಗರಿಯಲ್ಲಿ ಬರೆದುಕೊಟ್ಟೆ. ಕಾಕಾನ ಕಿವಿಗೆ ಒಗ್ಗಲೆಂದು ಹೆಂಡತಿಯನ್ನು ಹೇಣ್ತಿ ಎಂದು ಬದಲಿಸಿದೆ. ಕಾಕು ಪಾತ್ರೆ ತೊಳೆಯುತ್ತ, ಸೊಪ್ಪು ಬಿಡಿಸುತ್ತ ಆ ದಿನವೆಲ್ಲ ಅದನ್ನೇ ಹೇಳಿಕೊಂಡರು.

ಮರುದಿನ ನಾನು ಹೋದಾಗ ಜರಿಯಂಚಿನ ಹತ್ತಿ ಸೀರೆ ಉಟ್ಟಿದ್ದರು. ಮಂಚದ ಎದುರು ಶಾಲೆಯ ಹುಡುಗಿಯಂತೆ ನೆಟ್ಟಗೆ ನಿಂತು, ಒಂದೊಂದೇ ಮಾತು ಎತ್ತಿಟ್ಟ ಹಾಗೆ, "ನಾನು... ನಿಮ್ಮ... ಹೇಣ್ತಿ" ಎಂದರು.

ಕಾಕಾ ಅವರನ್ನು ಬಹಳ ಹೊತ್ತು ನೋಡಿದರು. "ಹೌದ್ರಿ?" ಎಂದರು. "ಹಂಗಾದ್ರ ಕೂಡ್ರಿ. ಆವಾಗಿಂದ ನಿಂತೇ ಇದ್ದೀರಿ."

ಕಾಕು ನನ್ನತ್ತ ನೋಡಿದರು. ಇದನ್ನು ತಿದ್ದಬೇಕಾಗಿರಲಿಲ್ಲ. ಇದ್ದ ಹಾಗೇ ಹೇಳಿದೆ. ಅವರು ಮಂಚದ ಅಂಚಿನಲ್ಲಿ ಕೂತರು, ಆಗ ಅತ್ತರು. ಕಾಕಾ ಚೆನ್ನಾಗಿದ್ದ ಎಡಗೈಯಿಂದ ಅವರ ಸೆರಗಿನ ತುದಿ ಹಿಡಿದುಕೊಂಡು, ಯಾಕೆ ಅಳುತ್ತಾಳೆ ಎಂದು ನನ್ನನ್ನು ಕೇಳಿದರು. "ಭಾಳ ದಿನ ಆತಂತ್ರಿ, ನೀವು ಕೂಡು ಅಂದು" ಎಂದೆ. ಆ ಮಾತು ಅವರ ಕನ್ನಡದಲ್ಲಿ ನನ್ನ ಬಾಯಿಂದ ಹೇಗೆ ಬಂತೋ ತಿಳಿಯದು.

ಆಮೇಲೆ ಸಂಜೆಯ ಪಾಠ ಶುರುವಾಯಿತು. ಏಳು ಗಂಟೆಗೆ ಧಾರಾವಾಹಿ ಹಾಕಿಕೊಂಡು ಮೂವರೂ ಕೂರುತ್ತಿದ್ದೆವು. ಅದರ ಸೊಸೆ ಎರಡು ತಿಂಗಳಿಂದ ಒಂದೇ ಮದುವೆಯ ಸೀರೆಯಲ್ಲಿ ಅಳುತ್ತಿದ್ದಳು. ಜಾಹೀರಾತು ಬಂದಾಗ ಕಾಕು ನನಗೆ ಮರಾಠಿ, ನಾನು ಅವರಿಗೆ ಕನ್ನಡ. ಅತ್ತೆಯ ಕುತಂತ್ರವನ್ನು ಕಾಕಾಗೆ ಕನ್ನಡದಲ್ಲಿ ವಿವರಿಸುವಷ್ಟು ಕಾಕು ಪಳಗಿದರು. ಕಾಕಾ, "ಆಕಿ ಸುಳ್ಳ ಹೇಳಾಕತ್ಯಾಳ" ಎಂದು ತೀರ್ಪು ಕೊಡುತ್ತಿದ್ದರು.

ದೀಪಾವಳಿಗೆ ನಾಲ್ಕು ದಿನವಿರುವಾಗ, ಕಾಕು ಅನ್ನ ತಿನ್ನಿಸುತ್ತಿದ್ದಂತೆ ಕಾಕಾ ಚಮಚವನ್ನು ತಳ್ಳಿ "ಪುರೇ" ಎಂದರು. ಸಾಕು ಎನ್ನುವುದಕ್ಕೆ ಮರಾಠಿ. ಕಾಕು ನಾಲ್ಕನೆಯ ಮಹಡಿಗೆ ಬಂದದ್ದು ಓಡಿಕೊಂಡೇ. ಆಮೇಲೆ ದಿನಕ್ಕೊಂದೆರಡು ಮಾತು, ಬರಬರುತ್ತ ವಾಕ್ಯಗಳು, ಕೊನೆಗೆ ಟೀವಿ ಚರ್ಚೆಯವರನ್ನು ಬೈಯುವ ಮಾತುಗಳೂ ಮರಳಿದವು. ನಾನು ಸಂಭ್ರಮಪಟ್ಟೆ. ಒಂದು ಬೆಳಿಗ್ಗೆ ಒಳಗೆ ಹೋದಾಗ ಕಾಕಾ ಕುರ್ಚಿಯಲ್ಲಿ ಕೂತು, ನೆರೆಯವರಿಗೆ ಹೇಳುವ ಹಾಗೆ, "ನಮಸ್ಕಾರ್" ಎಂದರು. ಆ ದಿನ ಮನೆಗೆ ಬಂದು ಕರಡು ತೆಗೆದು ಕೂತೆ. ಒಂದು ಪುಟವೂ ಮುಂದೆ ಹೋಗಲಿಲ್ಲ. ಅವರು ಗುಣವಾದದ್ದಕ್ಕೆ ನನಗೆ ದುಃಖವೇ ಎಂದು ನಾಚಿಕೆಯಾಯಿತು. ಆದರೆ ಇಡೀ ಕಟ್ಟಡದಲ್ಲಿ ನನ್ನನ್ನು "ಬರ್ರಿ" ಎನ್ನುತ್ತಿದ್ದ ಒಂದು ದನಿ ಇಲ್ಲವಾಗಿತ್ತು.

ಕಾಕಾಗೆ ಆ ಎರಡೂವರೆ ತಿಂಗಳು ಸರಿಯಾಗಿ ನೆನಪಿರಲಿಲ್ಲ. ಒಂದು ದಿನ, ತಾನು ಏನೇನು ಮಾತಾಡಿದೆ ಎಂದು ಮರಾಠಿಯಲ್ಲಿ ಕೇಳಿದರು. ಕಾಕು ನನ್ನತ್ತ ನೋಡಿ, "ಪೂರ್ತಿ ಹೇಳು" ಎಂದರು. ಮನೆಗೆ ಹೋಗೋಣ ಎನ್ನುತ್ತಿದ್ದಿರಿ ಎಂದೆ. ಕಾಕಾ ಹೆಂಡತಿಯ ಮುಖ ನೋಡುತ್ತ, ಬೇಕೆಂದೇ ಕನ್ನಡದಲ್ಲಿ ಹೇಳಿದರು.

"ಆ ಮನಿ ಹೊಳ್ಯಾಗ ಹೋತು. ಡ್ಯಾಮ್ ಕಟ್ಟಿದಾಗ. ಒಮ್ಮೆ ಒಬ್ಬನ ಹೋಗಿ ದಂಡಿ ಮ್ಯಾಲ ನಿಂತು ನೋಡಿ ಬಂದೆ. ನಿನಗ ಹೇಳಿರಲಿಲ್ಲ."

ನಾನು ಬಾಯಿ ತೆರೆಯುವ ಮೊದಲೇ ಕಾಕು ಕನ್ನಡದಲ್ಲಿ, "ತಿಳಿತು" ಎಂದರು.

ಸಂಕ್ರಾಂತಿಗೆ ಮೈಸೂರಿಗೆ ಹೋಗಿ ಎರಡು ವಾರ ಅಕ್ಕನ ಮನೆಯಲ್ಲಿದ್ದೆ. ಅಲ್ಲಿ ನಾನು "ಭಾಳ" ಎಂದರೆ ಅಕ್ಕನ ಮಕ್ಕಳು ನಗುತ್ತಿದ್ದರು. ರಸಂ ಹುಳಿಯೆನಿಸಿತು, ನನಗೇ ತಿಳಿಯದಂತೆ ಚಿಟಿಕೆ ಬೆಲ್ಲ ಹಾಕಿದೆ. ಮಾರುಕಟ್ಟೆಯಲ್ಲಿ ಎಲ್ಲರ ಮಾತೂ ಒಟ್ಟಿಗೇ ಅರ್ಥವಾಗಿ, ಸುಖದಿಂದ ಸುಮ್ಮನೆ ಅರ್ಧ ಗಂಟೆ ನಿಂತಿದ್ದೆ. ಆದರೆ ಸಂಜೆ ಏಳಾಗುತ್ತಲೇ, ಆ ಸೊಸೆ ಸೀರೆ ಬದಲಿಸಿದಳೋ ಎಂದು ಮನಸ್ಸು ಹರಿಯುತ್ತಿತ್ತು.

ಹೊರಡುವ ದಿನ ಆಟೊ ಬಂದು ನಿಂತಿತ್ತು. ಅಕ್ಕ ಗೇಟಿನಲ್ಲಿ ಚಟ್ನಿಪುಡಿಯ ಡಬ್ಬಿ ಹಿಡಿದು ನಿಂತಿದ್ದಳು. ಫೋನು ಬಂತು, ಕಾಕು. ಕಂಠಪಾಠ ಮಾಡಿದಂಥ ಕನ್ನಡ: "ಯಾವಾಗ ಬರ್ತೀರಿ? ಇವರು ಕೇಳಾಕತ್ಯಾರ."

"ಯೇತೆ, ಕಾಕು" ಎಂದೆ. ಬರುತ್ತೇನೆ ಎಂದರ್ಥ. ನಮ್ಮ ಹಾಗೆ ಮರಾಠಿಯವರೂ ಮನೆಯಿಂದ ಹೊರಡುವಾಗ ಅದನ್ನೇ ಹೇಳುತ್ತಾರೆ, ಹೋಗುತ್ತೇನೆ ಎನ್ನುವುದಿಲ್ಲ. ಫೋನು ಚೀಲಕ್ಕೆ ಹಾಕಿ, ಡಬ್ಬಿ ತೆಗೆದುಕೊಂಡು, ಅಕ್ಕನ ಕೆನ್ನೆ ಮುಟ್ಟಿದೆ.

"ಬರ್ತೀನಿ ಕಣೆ" ಎಂದೆ ಅವಳಿಗೂ.